ಕೊತ್ತಂಬರಿಗೆ ಎರಡು ಪಾಳಿ

ಬೀದಿಯವರು ಅವನನ್ನು ಹಾಜರಿ ಎಂದೇ ಕರೆಯುತ್ತಿದ್ದರು. ನೂಲಿನ ಗಿರಣಿಯ ಗೇಟಿನಲ್ಲಿ ಮೂವತ್ತಮೂರು ವರ್ಷ ಕೂತು, ಒಳಗೆ ಹೋಗುವವರ ಕಾರ್ಡಿಗೆ ಮುದ್ರೆ ಒತ್ತಿದವನು. ಒಂದು ನಿಮಿಷ ತಡವಾದವನನ್ನೂ ಮಧ್ಯಾಹ್ನದವರೆಗೆ ಹೊರಗೆ ನಿಲ್ಲಿಸುತ್ತಿದ್ದ. ಒಮ್ಮೆ ತಾನೇ ತಡವಾಗಿ ಬಂದಾಗ ತನ್ನನ್ನೂ ಹೊರಗೆ ನಿಲ್ಲಿಸಿಕೊಂಡ. ಗೇಟು ತೆರೆಯುವವರಿಲ್ಲದೆ ಮುನ್ನೂರು ಜನ ಅವನ ಜೊತೆ ಬಿಸಿಲಲ್ಲಿ ನಿಂತರು.

ನಿವೃತ್ತಿಯ ನಂತರ ಅವನ ಪಾಲಿಗೆ ಉಳಿದದ್ದು ಅಕ್ಕನ ಮನೆಯ ಏಕೈಕ ಕಿಟಕಿ, ಅದರ ಬುಡದ ಮೇಜು, ಒಂದು ಖಾಲಿ ರಿಜಿಸ್ಟರು. ಆ ಜಾಗವೂ ಹೋದರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ವಯಸ್ಸಾಗಿ ದೃಷ್ಟಿ ಮಂಜಾದ ಮೇಲೆ ಅವಳಿಗೂ ಅದೇ ಕಿಟಕಿ ಬೇಕಾಯಿತು.

"ಬರೀ ಕೂತ್ಕೊಳ್ಳೋನಿಗೆ ಬೆಳಕು ಯಾಕೋ? ಹೊಲಿಗೆ ಮಿಷನ್ ಅಲ್ಲಿಗೆ ಬರ್ಲಿ."

"ಬರೀ ಕೂತಿಲ್ಲ. ಕೊತ್ತಂಬರಿ ಬೆಳೀತೀನಿ." ಆ ಗಳಿಗೆಯವರೆಗೆ ಅವನಿಗೆ ಅಂಥ ಯೋಚನೆಯೇ ಇರಲಿಲ್ಲ.

"ಸರಿ. ಐವತ್ತು ದಿನ ಕೊಡ್ತೀನಿ. ನನ್ನ ಕೈತುಂಬ ಒಂದು ಹಿಡಿ ಸೊಪ್ಪು ಬಂದ್ರೆ ಕಿಟಕಿ ನಿಂದು. ಇಲ್ಲಾಂದ್ರೆ ಮೇಜು ಎತ್ತು."

ದಿನಸಿ ಅಂಗಡಿಯವನು ಕಾಳು ಕಟ್ಟಿಕೊಡುತ್ತ, "ಚಪ್ಪಲೀಲಿ ಮೆಲ್ಲಗೆ ಉಜ್ಜಿ ಹೋಳು ಮಾಡಿ, ನೆನೆಸಿ, ಆಮೇಲೆ ಹಾಕಿ," ಎಂದ. ಹಾಜರಿಗೆ ಮೈ ಉರಿಯಿತು. ಕೆಲಸಕ್ಕೆ ಸೇರುವ ಮುಂಚೆಯೇ ಚಪ್ಪಲಿ ಸೇವೆಯೇ? ಅವನು ಗುಂಡಾದ ಇಡೀ ಕಾಳುಗಳನ್ನೇ ಆರಿಸಿದ. ತಗಡಿನ ತಟ್ಟೆಗೆ ಮೊಳೆಯಿಂದ ತೂತು ಹೊಡೆದು, ಮಣ್ಣು ತುಂಬಿ, ಗೆರೆ ಎಳೆದು ಅರವತ್ತು ಕಾಳು ಊರಿದ. ಪ್ರತಿ ಕಾಳಿನ ಪಕ್ಕ ನಂಬರಿನ ಚೀಟಿ ಅಂಟಿಸಿದ ಒಂದು ಬೆಂಕಿಕಡ್ಡಿ.

ದಿನವೂ ಬೆಳಗ್ಗೆ ಎಂಟಕ್ಕೆ ಹಾಜರಿ ತೆಗೆದುಕೊಂಡ. ಎರಡು ವಾರ ಎಲ್ಲರೂ ಗೈರು. ನೀರು ಚಿಮುಕಿಸಿ, ಅರವತ್ತು ಸಲ 'ಗೈರು' ಎಂದು ಬರೆದು ಪುಸ್ತಕ ಮುಚ್ಚುತ್ತಿದ್ದ. ಹದಿನೈದನೆಯ ದಿನ ಒಂಬತ್ತನೇ ನಂಬರಿನಲ್ಲಿ ಹಸಿರು ಕಂಡಿತು. ಪೆನ್ನು ಎತ್ತಿದವನ ಕೈ ಅಲ್ಲೇ ನಿಂತಿತು. ನಂಬರು ಒಂದು, ಮೊಳಕೆ ಎರಡು. ಮೂರೇ ದಿನದಲ್ಲಿ ಹೆಚ್ಚುಕಡಿಮೆ ಎಲ್ಲ ನಂಬರುಗಳದೂ ಅದೇ ಕಥೆಯಾಯಿತು.

ಬಾರದವನ ಕಾರ್ಡನ್ನು ಗೆಳೆಯ ಒತ್ತಿಸುವುದನ್ನು ಅವನು ಎಷ್ಟೋ ಸಲ ಹಿಡಿದಿದ್ದ. ಆದರೆ ಒಂದೇ ಕಾರ್ಡಿನಲ್ಲಿ ಇಬ್ಬರು ಬಂದು ಇಬ್ಬರೂ ದುಡಿಯುವ ಮೋಸವನ್ನು ಇಡೀ ಸರ್ವಿಸ್ಸಿನಲ್ಲಿ ಕಂಡಿರಲಿಲ್ಲ. ನೇರ ಅಂಗಡಿಗೆ ಹೋದ.

"ಒಂದು ಕಾಳಲ್ಲಿ ಎರಡು ಬೀಜ ಇರ್ತಾವೆ, ಸ್ವಾಮಿ. ಅದಕ್ಕೇ ಉಜ್ಜಿ ಅಂದಿದ್ದು," ಎಂದ ಅಂಗಡಿಯವನು.

"ಪೊಟ್ಟಣದ ಮೇಲೆ ಬರೀಬೇಕಿತ್ತು."

"ಹಳೇ ಪೇಪರ್ ಪೊಟ್ಟಣ. ಮೊದ್ಲೇ ಭರ್ತಿ ಬರ್ದಿದಾರೆ, ಎಲ್ಲಿ ಬರೀಲಿ?"

ಇಬ್ಬರಲ್ಲಿ ಒಬ್ಬನನ್ನು ಕಿತ್ತುಹಾಕೋಣವೆಂದರೆ ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. ಬಿಡೋಣವೆಂದರೆ ಒಂದೇ ನಂಬರಿನಲ್ಲಿ ಇಬ್ಬರು ಒಟ್ಟಿಗೆ ಇರುವಂತಿಲ್ಲ. ಒಂದಿಡೀ ಮಧ್ಯಾಹ್ನ ಯೋಚಿಸಿ ಪಾಳಿ ಮಾಡಿದ. ಎಡಗಡೆಯವರಿಗೆ ಹಗಲು, ಬಲಗಡೆಯವರಿಗೆ ರಾತ್ರಿ. ಪಾಳಿ ಮುಗಿದವರ ವಿಶ್ರಾಂತಿಗೆ ಕಾಗದ ಸುತ್ತಿ ಮಾಡಿದ ಟೋಪಿ. ಬೆಳಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ಟೋಪಿ ಬದಲಾಯಿಸಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅವನು ಇಷ್ಟು ಚುರುಕಾಗಿ ಓಡಾಡಿದ್ದನ್ನು ಅಕ್ಕ ಕಂಡು ವರ್ಷಗಳಾಗಿದ್ದವು.

"ರಾತ್ರಿ ಪಾಳಿಯವ್ರಿಗೆ ಬಿಸಿಲು ಎಲ್ಲಿಂದ ತರ್ತೀಯೋ?" ಎಂದು ಕೇಳಿದಳು.

"ಗಿರಣೀಲೂ ಇರ್ಲಿಲ್ಲ. ಜನ ದುಡೀಲಿಲ್ವಾ?"

"ಅವ್ರ ಮುಖ ನೋಡಿದ್ದೆಯಾ?"

ನೋಡಿರಲಿಲ್ಲ. ಅವನು ನೋಡುತ್ತಿದ್ದುದು ಕಾರ್ಡನ್ನು.

ಐವತ್ತನೆಯ ದಿನ ಅಕ್ಕ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದು ಕೈ ಚಾಚಿದಳು. ಹಗಲಿನವರು ಗೇಣುದ್ದ ಬೆಳೆದಿದ್ದರು. ರಾತ್ರಿಯವರಲ್ಲಿ ಅರ್ಧಕ್ಕರ್ಧ ಜನ ಇರಲೇ ಇಲ್ಲ. ಇದ್ದವರು ಬಿಳಿ ದಾರದ ಎಳೆಗಳಂತೆ ಮಲಗಿದ್ದರು. ಹಾಜರಿ ಎರಡೂ ಪಾಳಿಯನ್ನು ಕತ್ತರಿಸಿ ಅವಳ ಅಂಗೈಯಲ್ಲಿಟ್ಟ. ಅಕ್ಕ ಮುಷ್ಟಿ ಮುಚ್ಚಿದಳು. ಬೆರಳ ತುದಿ ಅಂಗೈಗೆ ತಾಗಿತು.

"ನಾಲ್ಕು ಕಡ್ಡಿ ಕಮ್ಮಿ ಕಣೋ." ತಮ್ಮನ ಮುಖ ನೋಡಿದಳು. "ಹೋಗ್ಲಿ ಬಿಡು. ನಾಲ್ಕು ತಾನೇ."

"ಕಮ್ಮಿ ಅಂದ್ರೆ ಕಮ್ಮಿ," ಎಂದ ಅವನು. ತಾನೇ ಮೇಜು ಎತ್ತಿ ಮೂಲೆಗಿಟ್ಟು, ಹೊಲಿಗೆ ಯಂತ್ರವನ್ನು ಕಿಟಕಿಯ ಬಳಿಗೆ ತಳ್ಳಿದ.

ಮರುದಿನ ಅಕ್ಕ ಬೆಳಕಿನಲ್ಲಿ ಕೂತು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು. ಬೆನ್ನ ಹಿಂದಿನಿಂದ ದನಿ ಬಂತು.

"ಕೆಲ್ಸ ಶುರು ಎಷ್ಟಕ್ಕೆ?"

"ಎಂಟಕ್ಕೆ ಅನ್ಕೊಂಡಿದ್ದೆ. ಯಾಕೆ?"

"ಎಂಟೂ ಹತ್ತು." ರಿಜಿಸ್ಟರಿನಲ್ಲಿ ಗೆರೆ ಎಳೆದ ಸದ್ದು ಕೇಳಿಸಿತು.

ಎರಡನೆಯ ದಿನ ಅವಳು ಚಹಾ ಕುಡಿಯಲು ಎದ್ದದ್ದನ್ನು ಬರೆದುಕೊಂಡ. ಮೂರನೆಯ ದಿನ ರವಿಕೆ ಅಳತೆ ಕೊಡಲು ಬಂದ ಪಕ್ಕದ ಮನೆಯಾಕೆಯನ್ನು, ಬೇಗ ಬಂದಿದ್ದೀರಿ ಎಂದು ಹೊಸ್ತಿಲಾಚೆ ನಿಲ್ಲಿಸಿದ. ಆಕೆ ಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು ಬೇರೆ ದರ್ಜಿಯ ಬಳಿಗೆ ಹೋದಳು. ಅಕ್ಕ ಕತ್ತರಿ ಕೆಳಗಿಟ್ಟಳು.

"ಬಂದು ಮಿಷನ್ ಹಿಡ್ಕೋ. ಆಚೆ ತಳ್ಳೋಣ. ಕಿಟಕಿ ನೀನೇ ಇಟ್ಕೋ."

"ಹಾಗೆಲ್ಲ ಆಗಲ್ಲ, ಅಕ್ಕ. ಪಂದ್ಯ ನೀನು ಗೆದ್ದಿದ್ದೀಯ."

"ಹಾಗಾದ್ರೆ ರಾಜೀನಾಮೆ ಕೊಡ್ತೀನಿ."

ಅವನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಒಂದು ತಿಂಗಳು ಮುಂಚೆ ನೋಟೀಸ್ ಕೊಡ್ಬೇಕು," ಎಂದ.

ತಿಂಗಳು ತುಂಬುವವರೆಗೆ ಅಕ್ಕ ದಿನವೂ ಎಂಟಕ್ಕೆ ಸರಿಯಾಗಿ ಕಿಟಕಿಯ ಬಳಿ ಕೂತಳು. ಮೂವತ್ತೊಂದನೆಯ ದಿನ ಅವನು ಮೇಜು ತಂದಿಟ್ಟ.