ದಾರಿಹೋಕರು ಕಾಯ್ದ ಕಲ್ಲುಗುಪ್ಪೆ

ಪುರಾತತ್ವ ಅಧಿಕಾರಿಯಾಗಿ ವಡೋದರಾಕ್ಕೆ ವರ್ಗವಾಗಿ ಬಂದ ಎರಡನೇ ಚಳಿಗಾಲ. ನರ್ಮದೆಗೆ ಸೇರುವ ಸಣ್ಣ ನದಿಯೊಂದರ ಕಣಿವೆಯಲ್ಲಿ ಹೊಸ ರಸ್ತೆ ಬರುತ್ತಿತ್ತು. ಅದರ ನಡುವೆ ಎದೆಮಟ್ಟದ ಕಲ್ಲುಗುಪ್ಪೆ. ಸೋಮವಾರ ಜೆಸಿಬಿ ಅದನ್ನು ಎತ್ತಿಹಾಕುವುದಿತ್ತು. ಅಷ್ಟರೊಳಗೆ ಅದು ಪ್ರಾಚೀನವೆಂದು ನಾನು ತೋರಿಸಬೇಕು.

ನಾನು ಕೊಪ್ಪಳ ಜಿಲ್ಲೆಯವಳು, ಬೃಹತ್ ಶಿಲಾಯುಗದ ಸಮಾಧಿಗಳ ನಡುವೆ ದನ ಮೇಯುವುದನ್ನು ನೋಡುತ್ತ ಬೆಳೆದವಳು. ಆ ಕಾಲದವರು ಸತ್ತವರ ಎಲುಬನ್ನು ಮಡಕೆಗಳ ಜೊತೆ ಹೂಳಿ, ಮೇಲೆ ಕಲ್ಲು ಒಟ್ಟಿ, ಸುತ್ತ ದೊಡ್ಡ ಗುಂಡುಕಲ್ಲುಗಳನ್ನು ಬಳೆಯಂತೆ ನಿಲ್ಲಿಸುತ್ತಿದ್ದರು. ಗುಪ್ಪೆ ಕಂಡಾಗ ಅದೂ ಅಂಥದೇ ಸಮಾಧಿಯಿರಬೇಕು ಎನ್ನಿಸಿತು. ಆದರೆ ಗುಂಡುಗಳ ಬಳೆಯೇ ಇರಲಿಲ್ಲ.

ರಸ್ತೆಯ ಎಂಜಿನಿಯರ್ ನಕ್ಕರು. ಹೊಳೆ ದಾಟಿ ಬಂದವರೆಲ್ಲ ಅಲ್ಲಿ ಹೊಳೆಯ ಒಂದು ಉರುಟು ಕಲ್ಲು ಹಾಕಿ ಮುಂದೆ ಹೋಗುವುದು ಆ ಊರಿನ ಪದ್ಧತಿ. "ಮೇಡಂ, ಯೇ ತೋ ಕಲ್ ಕಾ ಢೇರ್ ಹೈ" ಎಂದರು, ನಿನ್ನೆಯ ರಾಶಿ ಎಂಬ ಅರ್ಥದಲ್ಲಿ. ಮೇಲಿನ ಕಲ್ಲು ಸರಿಸಿ ನೋಡೋಣವೆಂದರೆ ಊರಿನ ಹಿರಿಯ ಮಹಿಳೆ ರೇವಾಬೆನ್ ಅಡ್ಡ ನಿಂತರು. ಹಾಕಿದ ಕಲ್ಲನ್ನು ಯಾರೂ ತೆಗೆಯುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ನನಗೆ ಸಿಟ್ಟು ನೆತ್ತಿಗೇರಿತು.

ಸಿಟ್ಟಿನಲ್ಲೇ ಗುಪ್ಪೆ ಸುತ್ತು ಹಾಕುತ್ತಿದ್ದಾಗ ಕಾಲಡಿಯ ಮಣ್ಣು ಮೆತ್ತಗಿದೆ ಎನ್ನಿಸಿತು. ಮಳೆಗಾಲದಲ್ಲಿ ಹೊಳೆ ತಂದು ಹಾಕಿದ ಮೆಕ್ಕಲು! ಬಳೆ ಇಲ್ಲವೆಂದಲ್ಲ, ಹೂತುಹೋಗಿರಬೇಕು. ಹಾಗಾದರೆ ಗುಪ್ಪೆಯ ಒಂದು ಕಲ್ಲನ್ನೂ ಮುಟ್ಟಬೇಕಿಲ್ಲ. ಅದರ ಹೊರಗೆ ಉದ್ದಕ್ಕೆ ಕಿರಿದಾದ ಟ್ರೆಂಚ್ ತೆಗೆಸಿದೆ.

ಶನಿವಾರ ಮಧ್ಯಾಹ್ನ, ರಾಯಚೂರು ಕಡೆಯ ನಮ್ಮ ಸರ್ವೇಯರ್ ಶರಣಪ್ಪ ಗುಂಡಿಯಿಂದಲೇ ಕೂಗಿದರು: "ಮೇಡಂ, ಬರ್ರಿ ಲಗೂನ! ಇದು ಹೊಳಿ ಕಲ್ಲಲ್ರೀ, ಗುಡ್ಡದ್ದೈತಿ!"

ಹೊಳೆ ತಂದದ್ದಲ್ಲ, ಯಾರೋ ಬೇಕೆಂದೇ ಗುಡ್ಡದಿಂದ ತಂದು ನಿಲ್ಲಿಸಿದ ಕಲ್ಲು. ಸಂಜೆಯೊಳಗೆ ಗುಂಡುಗಳು ಒಂದರ ಪಕ್ಕ ಒಂದು ಬಾಗಿ ಸಾಗಿದ್ದು ಸ್ಪಷ್ಟವಾಯಿತು. ಒಂದರ ಬುಡದಲ್ಲಿ ಹೊರಗೆ ಕೆಂಪು, ಒಳಗೆ ಕಪ್ಪು ಬಣ್ಣದ ಮಡಕೆ. ಆ ಕಾಲದ ಗುರುತೇ ಅದು. ಎಂಜಿನಿಯರ್ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. "ರಸ್ತೆ ತಿರುಗಿಸೋಣ" ಎಂದರು. ನಾನೂ ಶರಣಪ್ಪನೂ ಮಕ್ಕಳಂತೆ ಕುಣಿದೆವು, ಸುಳ್ಳೇಕೆ?

ಹೊರಡುವಾಗ ರೇವಾಬೆನ್ ನನ್ನ ಕೈಗೆ ಹೊಳೆಯ ಕಲ್ಲೊಂದನ್ನು ಕೊಟ್ಟು, "ಬೆನ್, ತಮೇ ಪಣ್ ಮೂಕೋ" ಎಂದರು. ನೀವೂ ಒಂದು ಇಡಿ ಎಂದು. ಪ್ರಾಚೀನ ಸ್ಥಳಕ್ಕೆ ಏನನ್ನೂ ಸೇರಿಸಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಆದರೆ ಒಂದು ಕಲ್ಲೂ ಕದಲದಂತೆ ತಲೆಮಾರುಗಳಿಂದ ಈ ಗೋರಿಯನ್ನು ಕಾಯ್ದವರು ಇವರು. ನಮ್ಮ ಇಲಾಖೆಯ ಕಾವಲು ಶುರುವಾದದ್ದು ಆ ಶನಿವಾರ. ಯಾವ ಸ್ಥಳಕ್ಕೆ ಹೋದರೂ ಅಲ್ಲಿ ಮೊದಲಿನಿಂದ ಕಾಯುತ್ತಿರುವವರು ಯಾರೆಂದು ಕೇಳುವುದನ್ನು ನಾನು ಕಲಿತದ್ದು ಅಲ್ಲಿಯೇ.

ಕಲ್ಲನ್ನು ಇಟ್ಟೇ ಬಂದೆ.