ಅಳತೆ ನೋಡುವ ಕನ್ನಡಿ

ಬುಧವಾರದಿಂದ ನಮ್ಮ ಹಜಾರದ ತುಂಬ ಪಾಲಿಶ್ ವಾಸನೆ. ಅನ್ನ ಬಸಿದರೂ, ಇಂಗಿನ ಒಗ್ಗರಣೆ ಹಾಕಿದರೂ ಕೊನೆಗೆ ಗೆಲ್ಲುವುದು ಅದೇ. ಇದಕ್ಕೆಲ್ಲ ಕಾರಣ ಗೋಡೆಯ ಹಂಗಿಲ್ಲದೆ ತನ್ನ ಕಾಲ ಮೇಲೆ ತಾನೇ ನಿಂತಿರುವ ಒಂದು ಹಳೆಯ ನಿಲುವುಗನ್ನಡಿ. ಅದು ನನ್ನದಲ್ಲ. ತಂಗಿಯ ಮಗಳು ಅನುಷಾ ನೆಮ್ಮಾರಿನಲ್ಲಿ ಹೋಂಸ್ಟೇ ಶುರು ಮಾಡುತ್ತಿದ್ದಾಳೆ, ಅಲ್ಲಿಯ ದೊಡ್ಡ ಕೋಣೆಗೆ ಬೇಕಂತೆ. ಭಾನುವಾರ ಅವಳ ಪಿಕಪ್ ಬರುವವರೆಗೆ ಅದು ಕೊಪ್ಪದ ನಮ್ಮ ಮನೆಯಲ್ಲಿ, ನನ್ನದೊಂದು ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ನಿಂತಿರಬೇಕು.

ಆರಿಸಲು ನನ್ನನ್ನು ಕರೆದುಕೊಂಡು ಹೋದವಳೂ ಅವಳೇ. "ವಿಂಟೇಜ್ ಲುಕ್ ಬೇಕು ದೊಡ್ಡಮ್ಮ. ನಿಮ್ಗೆ ಹಳೇ ಕಾಲದ್ದೆಲ್ಲ ಗೊತ್ತಲ್ಲ" ಎಂದಳು. ನಾನು ಸ್ಕೂಲ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಿಯಾದವಳು. ಹಾಜರಿ ಪುಸ್ತಕ, ಟೀಸಿ ಬಿಟ್ಟರೆ ಬೇರೆ ಯಾವ ಪುರಾತನ ವಸ್ತುವಿನ ಪರಿಚಯವೂ ನನಗಿಲ್ಲ. ಆದರೂ ವಯಸ್ಸಾದವರಿಗೆ ಇಂಥ ಬಿರುದುಗಳು ತಾವಾಗಿಯೇ ಬರುತ್ತವೆ, ಬಂದದ್ದನ್ನು ಬೇಡ ಎನ್ನುವ ಅಭ್ಯಾಸ ನನಗಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹಳೆ ಪೀಠೋಪಕರಣ ಮಾರುವ ರಫೀಕ್ ಎರಡು ಕನ್ನಡಿ ತೋರಿಸಿದ. ಒಂದು ಕಮ್ಮರಡಿಯ ಯಾವುದೋ ಮನೆಯದು, ಹಲಸಿನ ಮರದ ಚೌಕಟ್ಟು, ಗಾಜಿನ ತುಂಬ ಕಪ್ಪು ಚುಕ್ಕಿ. ಇನ್ನೊಂದು ಬೀಟೆಯದು, ಗಾಜು ತಿಳಿಯಾಗಿತ್ತು, ಎರಡು ಪಕ್ಕದಲ್ಲೂ ಹಿತ್ತಾಳೆಯ ತಿರುಪು. ತಿರುಪು ಸಡಿಲಿಸಿದರೆ ಕನ್ನಡಿ ಮುಂದಕ್ಕೂ ಹಿಂದಕ್ಕೂ ವಾಲುತ್ತದೆ. ಕನ್ನಡಿ ಆರಿಸುವ ವಿದ್ಯೆಯನ್ನು ರಫೀಕ್ ನಮಗೆ ಅಲ್ಲೇ ನಿಂತು ಕಲಿಸಿಬಿಟ್ಟ. ಉಗುರನ್ನು ಗಾಜಿಗೆ ತಾಗಿಸಿ ಒಳಗಿನ ಉಗುರು ಎಷ್ಟು ದೂರದಲ್ಲಿ ಕಾಣುತ್ತದೆ ನೋಡಬೇಕು, ಅದರಿಂದ ಗಾಜಿನ ದಪ್ಪ ಗೊತ್ತಾಗುತ್ತದೆ. ಪಕ್ಕದಿಂದ ನೋಡಿ ಎದುರಿನ ಬಾಗಿಲ ಗೆರೆ ಸೊಟ್ಟಗಾಗುತ್ತದೆಯೇ ಎಂದು ಪರೀಕ್ಷಿಸಬೇಕು. ಹಿಂದಿನ ಹಲಗೆ ತಟ್ಟಿ ಗೆದ್ದಲಿನ ಹುಡಿ ಉದುರುತ್ತದೆಯೇ ನೋಡಬೇಕು.

"ಮೊದ್ಲು ಚುಕ್ಕಿ ಬಿದ್ದದ್ದನ್ನ ಯಾರೂ ಮುಟ್ತಾ ಇರ್ಲಿಲ್ಲ ಅಕ್ಕ. ಈಗ ಚುಕ್ಕಿ ಇಲ್ದಿದ್ರೆ ಹಳೇದು ಅಂತ ನಂಬೋದೇ ಇಲ್ಲ" ಎಂದ.

"ಇದು ನಿಜವಾಗ್ಲೂ ಹಳೇದಾ?" ಎಂದಳು ಅನುಷಾ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಮಾರಾಯ್ತಿ?" ಎಂದು ಹೇಳಿ, ತಾನು ಮಾರುತ್ತಿರುವುದೇ ಕನ್ನಡಿ ಎಂಬುದು ನೆನಪಾಗಿ ಅವನೇ ನಕ್ಕ.

ಅನುಷಾಳ ಮನಸ್ಸು ಚುಕ್ಕಿಯ ಕನ್ನಡಿಯ ಮೇಲಿತ್ತು. ನಾನು ಅದರ ಕಾಲು ಅಲ್ಲಾಡುತ್ತದೆ ಎಂದು ತಕರಾರು ತೆಗೆದು ಬೀಟೆಯದನ್ನೇ ಕೊಳ್ಳುವಂತೆ ಮಾಡಿದೆ. ಕಾಲು ಅಲ್ಲಾಡುತ್ತಿದ್ದದ್ದು ನಿಜ. ಆದರೆ ಹಟ ಹಿಡಿಯಲು ಕಾರಣ ಅದಲ್ಲ, ಆ ಹಿತ್ತಾಳೆಯ ತಿರುಪು. ಅಂಥದೇ ತಿರುಪಿನ ಕನ್ನಡಿಯೊಂದರ ಎದುರು ನಾನು ಚಿಕ್ಕವಳಿದ್ದಾಗ ಬಹಳ ಸಲ ನಿಂತಿದ್ದೆ. ಒಬ್ಬಳೇ ಅಲ್ಲ, ಗೌರತ್ತೆಯ ಜೊತೆ.

ಗೌರತ್ತೆ ನನ್ನ ಅಪ್ಪನ ತಂಗಿ. ಮದುವೆಯಾಗಿ ಮೂರು ವರ್ಷಕ್ಕೆ ಗಂಡ ತೀರಿಕೊಂಡು ಕಡಹಿನಬೈಲಿಗೆ, ತವರಿಗೆ, ಬಂದವರು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವರಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ. ನಮ್ಮ ಮನೆಯಲ್ಲಿ ಗಂಡ ಸತ್ತವರು ಕನ್ನಡಿ ನೋಡುತ್ತಿರಲಿಲ್ಲ. ನೋಡಬೇಡ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಬೀಳದಷ್ಟು ಅದು ಎಲ್ಲರಿಗೂ ಗೊತ್ತಿತ್ತು. ಇದ್ದ ಒಂದು ದೊಡ್ಡ ಕನ್ನಡಿಯೂ ಜಗುಲಿಯ ಕಂಬದಲ್ಲಿ, ಅಪ್ಪ ಗಡ್ಡ ಕೆರೆಯುವ ಎತ್ತರಕ್ಕೆ ನೇತಾಡುತ್ತಿತ್ತು. ಅಮ್ಮ ಕುಂಕುಮ ಇಡಲು ಮಣೆ ಹತ್ತಬೇಕಾಗಿತ್ತು. ಗೌರತ್ತೆಗೆ ಆ ಕೆಲಸವೂ ಇರಲಿಲ್ಲವಲ್ಲ.

ದಿನಾ ಬೆಳಿಗ್ಗೆ ನನ್ನ ತಲೆ ಬಾಚುತ್ತಿದ್ದವರು ಅವರೇ. ನಾನು ಕೈಗನ್ನಡಿ ಹಿಡಿದು ಕೂರುತ್ತಿದ್ದೆ, ಅವರು ಹಿಂದೆ ಕೂತು ಜಡೆ ಹೆಣೆಯುತ್ತಿದ್ದರು. ಕೂರುವ ಮೊದಲೇ ನನ್ನ ಮಣಿಕಟ್ಟು ಹಿಡಿದು ಕನ್ನಡಿಯನ್ನು ಒಂಚೂರು ತಿರುಗಿಸುತ್ತಿದ್ದರು, ನಾನಷ್ಟೇ ಕಾಣುವ ಹಾಗೆ. ಒಮ್ಮೆ ಕೀಟಲೆಗೆ ನಾನು ಕನ್ನಡಿ ವಾಲಿಸಿ ಅವರ ಮುಖ ಹಿಡಿಯಲು ಹೋದಾಗ ಅಂಗೈಯಿಂದ ಗಾಜು ಮುಚ್ಚಿದರು. ಬೈಯಲಿಲ್ಲ. ಗಾಜಿನ ಮೇಲೆ ಎಣ್ಣೆಯ ಕೈ ಗುರುತು ಮಾತ್ರ ಉಳಿಯಿತು.

ಆಗ ನಮ್ಮ ಮನೆಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಸುತ್ತಿದ್ದದ್ದು ಎನ್.ಆರ್. ಪುರದ ಹುಸೇನ್ ಸಾಹೇಬರ ಅಂಗಡಿಯಲ್ಲಿ. ಅಂಗಡಿಯ ಅರ್ಧಕ್ಕೆ ಒಂದು ಪರದೆ, ಪರದೆಯ ಒಳಗೆ ಆ ಕನ್ನಡಿ. ಸಾಹೇಬರದೊಂದು ಕಟ್ಟುನಿಟ್ಟು: ಹೊಲಿದ ಬಟ್ಟೆಯನ್ನು ಅಲ್ಲೇ ತೊಟ್ಟು, ಕನ್ನಡಿಯಲ್ಲಿ ನೋಡಿ, ಸರಿ ಎಂದ ಮೇಲೆಯೇ ಒಯ್ಯಬೇಕು. ಮನೆಗೆ ಹೋಗಿ ಕಂಕುಳು ಬಿಗಿ, ಕತ್ತು ಅಗಲ ಎಂದು ವಾಪಸು ಬಂದರೆ ಅವರಿಗಾಗುತ್ತಿರಲಿಲ್ಲ. ಗೌರತ್ತೆ ಮೊದಲ ಸಲ ಹೋದಾಗ ತಲೆ ತಗ್ಗಿಸಿಕೊಂಡೇ ತೊಟ್ಟು, "ಸರಿ ಉಂಟು" ಎಂದರು. ಸಾಹೇಬರು ಬೀದಿಗೆ ಮುಖ ಮಾಡಿ ಮೆಷಿನ್ ತುಳಿಯುತ್ತಿದ್ದವರು ತಿರುಗದೆಯೇ, "ನೋಡಿ ಹೇಳಿ ಅಮ್ಮ. ನೋಡ್ದೆ ಹೇಳಿದ್ದನ್ನ ನಾ ತಗೊಳ್ಳೋದಿಲ್ಲ" ಎಂದರು.

ಗೌರತ್ತೆ ತಲೆ ಎತ್ತಿದರು. ಪರದೆಯೊಳಗೆ ನಾನೂ ಇದ್ದೆ. ಅವರು ತೋಳು ನೋಡಲಿಲ್ಲ, ಕತ್ತು ನೋಡಲಿಲ್ಲ. ಬಹಳ ಹೊತ್ತು ಮುಖವನ್ನೇ ನೋಡಿಕೊಂಡರು. ಆಮೇಲೆ ಕೆನ್ನೆಯ ಮೇಲೊಂದು ಬೆರಳಿಟ್ಟು, ಒಳಗಿನವಳೂ ಇಟ್ಟಳೇ ಎಂದು ಪರೀಕ್ಷಿಸಿದರು. ಕೊನೆಗೆ, "ತೋಳು ಸ್ವಲ್ಪ ಬಿಗಿ" ಎಂದರು.

ಅಲ್ಲಿಂದ ಶುರುವಾಯಿತು ನೋಡಿ. ಗೌರತ್ತೆಯ ರವಿಕೆಯ ಅಳತೆ ಸರಿ ಬಂದದ್ದೇ ಇಲ್ಲ. ಈ ತಿಂಗಳು ಬಿಗಿಯಾದರೆ ಮುಂದಿನ ತಿಂಗಳು ಸಡಿಲ. ಕಟ್ಟಿ ಒಯ್ದು, ಬಿಚ್ಚಿಸಿ, ಮತ್ತೆ ಹೊಲಿಸಿ, ತೊಟ್ಟು ನೋಡಿ ಬರುತ್ತಿದ್ದರು. ಬಸ್ಸಿನಲ್ಲಿ ಜೊತೆಗೆ ನಾನು. ಬರುವಾಗ ನನಗೊಂದು ಕಡಲೆಮಿಠಾಯಿ. ಹುಸೇನ್ ಸಾಹೇಬರಿಗೆ ಹೊಲಿಯಲು ಬರುವುದಿಲ್ಲ ಎಂದೇ ನಾನು ಬಹುಕಾಲ ನಂಬಿದ್ದೆ.

ಈಗ ನನ್ನ ಘನಕಾರ್ಯದ ಕಥೆ. ನಾನಾಗ ಐದನೇ ಕ್ಲಾಸು. ಒಂದು ಸಂಜೆ ನೆಂಟರು ಬಂದು ಕಾಫಿ ಕುಡಿಯುತ್ತಿದ್ದರು. ಯಾರೋ ಗೌರಿ ಸೊರಗಿದ್ದಾಳೆ ಎಂದರು. ನನಗೆ ಸಿಟ್ಟು ಬಂತು. "ಎಂತ ಸೊರಗಿದ್ದು? ಸಾಹೇಬರ ಕನ್ನಡಿಯಲ್ಲಿ ಅತ್ತೆ ಎಷ್ಟು ಚಂದ ಕಾಣ್ತಾರೆ ಗೊತ್ತುಂಟಾ? ಅವ್ರೇ ಎಷ್ಟೊತ್ತು ನೋಡ್ಕೊಳ್ತಾರೆ" ಎಂದೆ. ಹೊಗಳುತ್ತಿದ್ದೇನೆ ಎಂದೇ ತಿಳಿದಿದ್ದೆ.

ಯಾರೂ ಕೂಗಾಡಲಿಲ್ಲ. ಅಜ್ಜಿ ಲೋಟ ಕೆಳಗಿಟ್ಟು, "ಇನ್ನು ಅಳತೆ ರವಿಕೆ ಕಳ್ಸಿದ್ರೆ ಸಾಕು. ಬಸ್ಸಿಗೆ ಎಂತಕ್ಕೆ ದಂಡ" ಎಂದರು, ಅಷ್ಟೆ. ಗೌರತ್ತೆ ಎದ್ದು ಬೀನ್ಸ್ ಸೋಸಲು ಹೋದರು.

ಮುಂದಿನ ಸಲ ಅಪ್ಪನ ಜೊತೆ ಅಳತೆ ರವಿಕೆ ಹಿಡಿದುಕೊಂಡು ಹೋದವಳು ನಾನು. "ಅತ್ತೆ ಬರ್ಲಿಲ್ವಾ?" ಎಂದು ಕೇಳಿದರು ಸಾಹೇಬರು. ಇನ್ನು ಬರುವುದಿಲ್ಲ ಎಂದೆ. ಅವರು ರವಿಕೆಯನ್ನು ಮಡಿಲ ಮೇಲೆ ಹರಡಿ, ತೋಳಿನ ಹೊಲಿಗೆ ಸವರಿ, "ಇದು ಮೊದ್ಲಿನ ದಿನಾನೇ ಸರಿ ಇತ್ತು ಮಗಾ" ಎಂದರು. ಪ್ರತಿ ಸಲ ಬಿಚ್ಚಿ, ಬಿಚ್ಚಿದ ಜಾಗದಲ್ಲೇ ಮತ್ತೆ ಹೊಲಿಗೆ ಹಾಕಿ ಕೊಡುತ್ತಿದ್ದರು ಅವರು. ಎಲ್ಲ ಗೊತ್ತಿದ್ದೂ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಟ್ಟವಳು ನಾನು. ಇದು ನನಗೆ ಅರ್ಥವಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. ಅರ್ಥವಾದ ಮೇಲೆ ಅವರ ಮುಂದೆ ತಪ್ಪಾಯಿತು ಎನ್ನಲು ಹೊರಟು ಎಷ್ಟು ಸಲ ಉಪ್ಪಿನಕಾಯಿಯ ಮಾತಾಡಿ ಎದ್ದು ಬಂದಿದ್ದೇನೋ.

ಮನೆ ಪಾಲಾದ ಮೇಲೆ ಗೌರತ್ತೆ ನನ್ನ ಜೊತೆಯೇ ಇದ್ದಾರೆ. ಎಂಬತ್ತು ದಾಟಿದೆ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದ ಮೇಲೆ ಅಕ್ಕಿಯಲ್ಲಿ ನನಗೆ ಕಾಣದ ಕಲ್ಲು ಅವರಿಗೆ ಕಾಣುತ್ತದೆ. ಅವರ ರವಿಕೆಯನ್ನು ನಾನು ಕೊಪ್ಪದಲ್ಲೇ ಹೊಲಿಸುತ್ತೇನೆ, ಅಳತೆ ರವಿಕೆ ಕೊಟ್ಟು. ಅಜ್ಜಿ ಹಾಕಿಕೊಟ್ಟ ಪದ್ಧತಿಯನ್ನು ನಾನೇ ಇಷ್ಟು ವರ್ಷ ನಡೆಸಿಕೊಂಡು ಬಂದೆ ಎಂಬುದು ಈ ಬುಧವಾರ ಕನ್ನಡಿಯನ್ನು ಒಳಗೆ ತರುವಾಗ ಹೊಳೆಯಿತು. ನಾಚಿಕೆಯಾಯಿತು.

ಗುರುವಾರ ಬೆಡ್‌ಶೀಟ್ ತೆಗೆದೆ. ಧೂಳು ಕೊಡವಲು ಎಂದೆ, ಯಾರೂ ಕೇಳದಿದ್ದರೂ. ಗೌರತ್ತೆ ಅದರ ಮುಂದೆಯೇ ನಾಲ್ಕು ಸಲ ಓಡಾಡಿದರು, ಪ್ರತಿ ಸಲವೂ ಮುಖ ಕಿಟಕಿಯ ಕಡೆ. ಶುಕ್ರವಾರವೂ ಅಷ್ಟೆ. ನಿನ್ನೆ ಶನಿವಾರ. ಇನ್ನು ಒಂದೇ ದಿನ. ಕಾಫಿ ಕೊಡುವಾಗ ಕ್ಷಮೆ ಕೇಳೋಣ ಎಂದು ಬಾಯಿ ತೆರೆದೆ. ಬಂದದ್ದು ಬೇರೆಯೇ ಮಾತು.

"ಅತ್ತೆ, ಈ ರವಿಕೆ ತೋಳು ಬಿಗಿ ಆಯ್ತಾ ಅಂತ. ಒಂಚೂರು ನೋಡ್ಕೊಳ್ಳಿ."

ಅವರು ನನ್ನನ್ನು ನೋಡಿದರು. ಲೋಟ ಕೆಳಗಿಟ್ಟರು. ಮಂಡಿ ಹಿಡಿದುಕೊಂಡು ಎದ್ದು ಕನ್ನಡಿಯ ಮುಂದೆ ನಿಂತರು. ಬೆನ್ನು ಬಾಗಿದ ಅವರ ಎತ್ತರಕ್ಕೆ ನಾನು ತಿರುಪು ಸಡಿಲಿಸಿ ಗಾಜನ್ನು ವಾಲಿಸಿದೆ. ಅವರು ತೋಳು ನೋಡಲಿಲ್ಲ. ಕೆನ್ನೆಯ ಮೇಲೆ ಬೆರಳಿಟ್ಟರು. ನಾನು ಬೀದಿಯ ಕಡೆ ತಿರುಗಿ ನಿಂತೆ, ಸಾಹೇಬರ ಹಾಗೆ.

ಬಹಳ ಹೊತ್ತಿನ ಮೇಲೆ, "ಸಡಿಲ ಆಗಿದೆ. ಬರೋ ತಿಂಗ್ಳು ಇನ್ನೊಂದು ಸಲ ನೋಡ್ಬೇಕು" ಎಂದರು. ಸೆರಗು ಸರಿ ಮಾಡಿಕೊಳ್ಳುತ್ತ, "ಮನೇಲಿ ಹೇಳ್ಬೇಡ ಮಾರಾಯ್ತಿ" ಎಂದರು.

ಮನೆಯಲ್ಲಿ ಇರುವುದು ನಾವಿಬ್ಬರೇ. ಹೇಳುವುದಿಲ್ಲ ಅತ್ತೆ ಎಂದೆ.

ಈಗಷ್ಟೇ ಅನುಷಾಳಿಗೆ ಫೋನ್ ಮಾಡಿದೆ. ಪಿಕಪ್ ಇಲ್ಲಿಗೆ ಬೇಡ, ಇದರ ದುಡ್ಡು ನಾನು ಕೊಡುತ್ತೇನೆ, ರಫೀಕನ ಅಂಗಡಿಗೆ ಕಳಿಸು, ಹೋಂಸ್ಟೇಗೆ ಚುಕ್ಕಿಯ ಕನ್ನಡಿಯೇ ಚಂದ ಎಂದೆ.

"ಅದ್ರ ಕಾಲು ಅಲ್ಲಾಡುತ್ತೆ ಅಂದ್ರಲ್ಲ ದೊಡ್ಡಮ್ಮ?"

"ಕೆಳಗೆ ಒಂದು ರಟ್ಟು ಕೊಟ್ರೆ ನಿಲ್ಲುತ್ತೆ."

"ಇದಕ್ಕೆಂತ ಆಯ್ತು ಈಗ?"

ಏನೂ ಆಗಿಲ್ಲ ಎಂದು ಫೋನ್ ಇಟ್ಟೆ. ಇಷ್ಟು ವರ್ಷಕ್ಕೆ ಒಮ್ಮೆಯಾದರೂ ನನ್ನ ಬಾಯಿ ಮುಚ್ಚಿಕೊಂಡಿತು. ನಿಮಗೆ ಹೇಳಿಬಿಟ್ಟೆ, ಅದು ಬೇರೆ. ನೀವು ಕೊಪ್ಪದ ಕಡೆ ಬಂದರೆ ನಮ್ಮ ಮನೆಗೆ ಬನ್ನಿ, ಕಾಫಿ ಕುಡಿದು ಹೋಗಿ. ಗೌರತ್ತೆಯ ರವಿಕೆ ಸರಿಯಾಗಿ ಕೂತಿದೆ ಎಂದು ಮಾತ್ರ ಹೇಳಬೇಡಿ.