ತಗಡಿನಾಚೆಯ ಸುಶೀಲಾ

ಆಗ ನಮ್ಮೂರು ಸತ್ತಿಯಲ್ಲಿ ಬೇಸಿಗೆ ಬಂತೆಂದರೆ ಹುಡುಗಿಯರಿಗೆ ಹೊಳೆದಂಡೆಯ ಉಸುಕೇ ಮನೆ. ನನಗೆ ಒಡಹುಟ್ಟಿದವರಿಲ್ಲ, ದೊಡ್ಡಪ್ಪನ ಮಗಳು ಸುಶೀಲಾಳೇ ಎಲ್ಲ. ಒಂದೇ ತಾಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ತಿಂದು ಸಂಜೆಯವರೆಗೆ ಕುಂಟಾಟ ಆಡುತ್ತಿದ್ದೆವು.

ನಾಲ್ಕನೆಯ ಇಯತ್ತೆ ಮುಗಿದ ಬೇಸಿಗೆಯಲ್ಲಿ ಅಪ್ಪ, ದೊಡ್ಡಪ್ಪ ಬೇರೆಯಾದರು. ಬಾವಿನೀರಿನ ಪಾಳಿಗೆ ಹುಟ್ಟಿದ ಜಗಳ. ದೊಡ್ಡಪ್ಪ ಅಂಗಳದ ನಡುವೆ ತಗಡು ಹೊಡೆಸಿ, "ಆ ಕಡೆ ಕಾಲಿಟ್ಟಿ ಅಂದ್ರ ಮುರದ ಬಿಡ್ತೀನಿ" ಎಂದು ಸುಶೀಲಾಳಿಗೆ ಹೇಳಿದ. ನಾನು ಒಬ್ಬಳೇ ಕಟ್ಟೆಯ ಮೇಲೆ ಹರಳು ಆಡುತ್ತಿದ್ದೆ. ಅವಳ ಸರದಿಯನ್ನೂ ನಾನೇ ಆಡುತ್ತಿದ್ದೆ. ತಗಡಿನಾಚೆ ಅವಳ ಕೆಮ್ಮು ಕೇಳುತ್ತಿತ್ತು.

ಅದನ್ನು ನೋಡಲಾರದೆ ಅವ್ವ ತಲೆತುಂಬ ಸೆರಗು ಹೊದ್ದು ದೊಡ್ಡಪ್ಪನ ಬಾಗಿಲಿಗೆ ಹೋದಳು.

"ಬಾವಾರ, ದೊಡ್ಡವರ ಜಗಳದಾಗ ಹುಡುಗ್ಯಾರು ಯಾಕ್ರಿ?"

"ಮೊದಲ ಅಂಗಳದಾಗಿನ ಬೇವಿನ ಗಿಡ ನಂದಂತ ಒಪ್ರಿ."

ಅವ್ವ ಅಪ್ಪನನ್ನು ಒಪ್ಪಿಸಿದಳು. ಮರುವಾರ ದೊಡ್ಡಪ್ಪ ಕೊಟ್ಟಿಗೆಯ ಮೂಲೆ ಕೇಳಿದ. ಅದೂ ಹೋಯಿತು. ಆಮೇಲೆ, "ನಿನ್ನ ಗಂಡ ಊರ ಮುಂದ ನನ್ನ ಕಾಲ ಹಿಡೀಲಿ" ಎಂದ.

ಅಪ್ಪ ಸಿಟ್ಟಾದ. "ಗ್ವಾಡಿಗೆ ಹೇಳಿದಂಗ ಆತು. ಅವನ ಕೂಡ ಮಾತಾಡಿ ಏನ ಫಾಯದಾ?"

"ಗ್ವಾಡಿ ತಿರುಗಿ ಬೈಯೂದಿಲ್ಲ. ಬೈತಾರಂದ್ರ ಕೇಳ್ಯಾರ" ಎಂದು ಅವ್ವ ಮತ್ತೆ ಹೋದಳು. ಹೋದಾಗಲೆಲ್ಲ ಬೈಸಿಕೊಂಡೇ ಬಂದಳು.

ಶಾಲೆ ಶುರುವಾಗುವ ಮೊದಲೇ ದೊಡ್ಡಪ್ಪ ಸುಶೀಲಾಳನ್ನು ಚಿಂಚಲಿಗೆ, ಅವಳ ಸೋದರಮಾವನ ಮನೆಗೆ ಕಳಿಸಿಬಿಟ್ಟ. ಮೋಟಾರ್‌ಸೈಕಲ್ ಹಿಂದೆ ಕೂತವಳು ತಿರುಗಿ ನೋಡಿದಳು. ಕೈ ಎತ್ತಲಿಲ್ಲ.

ಶ್ರಾವಣದಲ್ಲಿ ಹೊಳೆ ಏರಿತು. ಒಂದು ನಸುಕಿನಲ್ಲಿ ತಗಡು ಬಡಿದ ಸದ್ದಾಯಿತು.

"ಏ ಶಾಂತವ್ವಾ, ಹಿತ್ತಲಕ್ಕ ನೀರ ಬಂದೈತಿ! ದನಾ ಬಿಚ್ಚರಿ!"

ಕೂಗಿದವನು ದೊಡ್ಡಪ್ಪ, ಕೂಗಿದ್ದು ಅವ್ವನ ಹೆಸರು. ನಮ್ಮ ಮನೆಯಲ್ಲಿ ಅವನಿಗೆ ಮಾತು ಉಳಿದಿದ್ದದ್ದು ಅವಳೊಬ್ಬಳೊಂದಿಗೆ. ದನ ಉಳಿದವು. ನೀರು ಇಳಿದ ಮೇಲೆ ಅಣ್ಣತಮ್ಮಂದಿರು ಒಟ್ಟಿಗೆ ಅಂಗಳದ ಕೆಸರು ಬಳಿದು ಹೊರಹಾಕಿದರು. ನೀರಿನ ಪಾಳಿಯೂ ನಿಧಾನಕ್ಕೆ ಅವ್ವನ ಮಾತಿನಿಂದಲೇ ಇತ್ಯರ್ಥವಾಯಿತು. ಅವ್ವನ ಮಾತು ಸೋತಿತು ಎಂದು ಹೇಗೆ ಹೇಳಲಿ? ಆದರೆ ಅದು ಗೆಲ್ಲುವಷ್ಟರಲ್ಲಿ ಸುಶೀಲಾಳಿಗೆ ಚಿಂಚಲಿಯೇ ಊರಾಗಿತ್ತು. ಅಲ್ಲೇ ಕಲಿತಳು, ಅಲ್ಲಿಂದಲೇ ಮದುವೆಯಾಗಿ ಹೋದಳು.

ಹೋದ ವರ್ಷ ಅಥಣಿಯ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೇ ಕೂತಿದ್ದಳು. ನಾನು ಕೈ ಹಿಡಿದುಕೊಂಡೆ. ಅವಳು ಮರ್ಯಾದೆಯಿಂದ ನಕ್ಕು, "ಅರಾಮ ಅದೀರಿ?" ಎಂದಳು.

"ಹೂಂನ್ರಿ" ಎಂದೆ.